ಸೌದೆಗೆಂದು ಬಿಟ್ಟ ಮರ

ಕಳೆದ ಮುಂಗಾರಿನ ಒಂದು ಸಂಜೆ ನಮ್ಮ ಮನೆಯ ಹಿತ್ತಿಲಲ್ಲಿದ್ದ ಹಳೆಯ ಮಾವಿನ ಮರವು ಗಾಳಿಗೆ ಉರುಳಿತು. ನಮ್ಮ ತಂದೆಯವರ ಕಾಲದಿಂದ ಇದ್ದ ಮರ; ಅದರ ಕಾಯಿಯ ಉಪ್ಪಿನಕಾಯಿ ನಮ್ಮ ಬೀದಿಯ ಅರ್ಧ ಮನೆಗಳ ಜಾಡಿಗಳಲ್ಲಿ ಇರುತ್ತಿತ್ತು. ಬಿದ್ದ ಮರವನ್ನು ಏನು ಮಾಡುವುದೆಂದು ತೋಚದೆ ಸೌದೆ ಡಿಪೋದ ಯಜಮಾನರನ್ನು ಕರೆಸಿದೆ. ಅವರು ಬುಡದಿಂದ ತುದಿಯವರೆಗೆ ಒಮ್ಮೆ ನಡೆದು ನೋಡಿ, ಕಾಂಡದ ಉದ್ದಕ್ಕೂ ಬಿಟ್ಟಿದ್ದ ಬಿರುಕಿನೊಳಗೆ ಬೆರಳು ತೂರಿಸಿ, "ಮೇಷ್ಟ್ರೇ, ಇದು ಸೀಳಿಹೋಗಿದೆ. ಗಂಟು ಬೇರೆ ಜಾಸ್ತಿ. ಹಲಗೆಗೆ ಬರೋದಿಲ್ಲ, ಸೌದೆಗೆ ಅಂತ ಬಿಟ್ಟುಬಿಡಿ" ಎಂದರು. ಜಗಲಿಯ ಮೇಲೆ ಕುಳಿತಿದ್ದ ನಮ್ಮ ತಾಯಿಯವರು, "ಒಂದು ಮಣೆಯಾದರೂ ಆಗೋದಿಲ್ಲವೇನಪ್ಪಾ?" ಎಂದು ಕೇಳಿದರು. "ಆಗೋ ಹಾಗಿದ್ರೆ ನಾನೇ ಬಿಡ್ತಿದ್ನೇ, ಅಮ್ಮಾ?" ಎಂದು ಅವರು ನಕ್ಕರು.

ಆ ದಿನ ಮರವನ್ನು ಅವರಿಗೆ ಕೊಡಲಿಲ್ಲ. ಕೊಡದೆ ಇದ್ದುದಕ್ಕೆ ತಾಯಿಯವರ ಮುಖ ಒಂದು ಕಾರಣ. ನಾನು ಹಿಂದೆ ಓದಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಬ್ಬ ಬಡಗಿಯ ಕಥೆ ಮತ್ತೊಂದು ಕಾರಣ. ಒಂದು ಮರ ಹಲಗೆಗೆ ಬರುತ್ತದೆ, ಇನ್ನೊಂದು ಸೌದೆಗೆ ಹೋಗಬೇಕು ಎಂದು ತೀರ್ಪು ಕೊಡುವವರು ಯಾರು? ಆ ತೀರ್ಪು ಎಂದಾದರೂ ತಲೆಕೆಳಗಾದದ್ದುಂಟೇ? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ. ಆ ಉತ್ತರವು ಅಮೆರಿಕದ ಒಂದು ಕಾಡಿನಲ್ಲಿ ಆರಂಭವಾಗಿ, ನಮ್ಮ ನೆರೆಯ ಪುದುಚೇರಿಯ ಮೂಲಕ ಹಾದು, ಮುಳ್ಳುತಂತಿಯ ಬೇಲಿಯೊಳಗಿನ ಒಂದು ಶಿಬಿರದಲ್ಲಿ ಪಕ್ವವಾಯಿತು ಎಂಬುದೇ ಅದರ ಸ್ವಾರಸ್ಯ.

ತೊಗಟೆ, ಕೊಂಬೆ, ಬೇರು, ಗಂಟು ಇವುಗಳನ್ನು ಇದ್ದಂತೆಯೇ ಉಳಿಸಿಕೊಂಡು ಪೀಠೋಪಕರಣ ಮಾಡುವ ಪದ್ಧತಿ ಹೊಸದೇನಲ್ಲ. ಚೀನಾ ದೇಶದಲ್ಲಿ ಮರದ ಬೇರುಗಳನ್ನೇ ಹೆಣೆದಂತೆ ಮಾಡಿದ ಆಸನಗಳಿಗೆ ಬಹುಕಾಲದ ಮನ್ನಣೆಯಿದೆ. ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ಶ್ರೀಮಂತರು ತಮ್ಮ ತೋಟಗಳಿಗೆ ಕಾಡಿನ ಸೊಬಗನ್ನು ತರಬೇಕೆಂದು ಹಂಬಲಿಸಿದರು. ರಾಬರ್ಟ್ ಮ್ಯಾನ್ವೇರಿಂಗ್ ಎಂಬಾತನು 1765ರಲ್ಲಿ ಕುರ್ಚಿ ಮಾಡುವವರಿಗಾಗಿ ಪ್ರಕಟಿಸಿದ ಮಾದರಿ ಪುಸ್ತಕದಲ್ಲಿ ಅಂಥ ಒರಟು ಕೊಂಬೆಗಳ ಆಸನಗಳ ಚಿತ್ರಗಳೂ ಇದ್ದವು. ನೂರು ವರ್ಷ ಕಳೆದ ಮೇಲೆ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಉತ್ತರಕ್ಕಿರುವ ಅಡಿರಾಂಡಾಕ್ ಬೆಟ್ಟಗಳಲ್ಲಿ ವಿಲಿಯಂ ವೆಸ್ಟ್ ಡ್ಯುರಾಂಟ್ ಮೊದಲಾದ ಧನಿಕರು ಬೇಸಿಗೆಯ ಬಿಡಾರಗಳನ್ನು ಕಟ್ಟಿಸಿ, ತೊಗಟೆ ಬಿಡಿಸದ ಕೊಂಬೆಗಳಿಂದಲೇ ಮಂಚ, ಮೇಜು, ಕುರ್ಚಿಗಳನ್ನು ಮಾಡಿಸಿದರು. ನೋಡಲು ಚೆಲುವಾದ ಕೆಲಸವೇ. ಆದರೆ ನಗರದಲ್ಲಿ ನಯವಾದ ಮೇಜಿನ ಮುಂದೆ ಕುಳಿತವನು ಬೇಸರ ಕಳೆಯಲೆಂದು ಬಯಸಿದ ಒರಟುತನ ಅದು. ಒರಟು ಮರವನ್ನು ಬಿಟ್ಟರೆ ಬೇರೆ ಮರವೇ ದೊರೆಯದವನ ಕೈಯಲ್ಲಿ ಅದು ಏನಾಗುತ್ತದೆ? ನನ್ನ ಕಥಾನಾಯಕನ ಬಾಳು ಈ ಪ್ರಶ್ನೆಗೆ ಉತ್ತರ.

ಆತನ ಹೆಸರು ಜಾರ್ಜ್ ನಕಶಿಮಾ. ಜಪಾನಿನಿಂದ ಬಂದು ನೆಲೆಸಿದ ದಂಪತಿಗಳ ಮಗನಾಗಿ 1905ರಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸ್ಪೋಕೇನ್ ಎಂಬ ಊರಿನಲ್ಲಿ ಹುಟ್ಟಿದನು. ಅದು ಶಾಂತಸಾಗರದ ಕಡೆಯ ಸೀಮೆ. ಆಕಾಶಕ್ಕೆ ತಲೆಯೆತ್ತಿ ನಿಂತ ಸೂಚಿಪರ್ಣಿ ಮರಗಳ ನಾಡು. ಬಾಲಚರ ದಳದ ಹುಡುಗನಾಗಿ ಆ ಕಾಡುಬೆಟ್ಟಗಳನ್ನು ಅಲೆದು ಆತನಿಗೆ ಮರಗಳ ಸಹವಾಸ ಒದಗಿತು. ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ಮೊದಲು ಆರಿಸಿಕೊಂಡದ್ದು ಅರಣ್ಯಶಾಸ್ತ್ರವನ್ನೇ. ಆಮೇಲೆ ಮನಸ್ಸು ವಾಸ್ತುಶಿಲ್ಪದ ಕಡೆಗೆ ತಿರುಗಿ, 1930ರಲ್ಲಿ ಹೆಸರಾಂತ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಸ್ನಾತಕೋತ್ತರ ಪದವಿಯನ್ನು ಪಡೆದನು. ಅದು ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ಕವಿದಿದ್ದ ಕಾಲ. ಹೊಸ ಕಟ್ಟಡ ಕಟ್ಟಿಸುವವರೇ ಇಲ್ಲ. ನಕಶಿಮಾ ದೇಶ ಬಿಟ್ಟು ಹೊರಟು, ಪ್ಯಾರಿಸ್ಸಿನಲ್ಲಿ ಕೆಲಕಾಲವಿದ್ದು, ಕೊನೆಗೆ ತನ್ನ ಹಿರಿಯರ ನಾಡಾದ ಜಪಾನಿಗೆ ಬಂದು ಟೋಕಿಯೋದಲ್ಲಿ ಆಂಟೊನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿಯನ್ನು ಸೇರಿದನು. ಈ ರೇಮಂಡ್ ಚೆಕ್ ದೇಶದವನು. ಫ್ರಾಂಕ್ ಲಾಯ್ಡ್ ರೈಟ್ ಎಂಬ ಮಹಾಶಿಲ್ಪಿಯ ಜೊತೆಗೆ ಟೋಕಿಯೋದ ಇಂಪೀರಿಯಲ್ ಹೋಟೆಲಿನ ಕೆಲಸಕ್ಕೆಂದು ಬಂದು ಅಲ್ಲಿಯೇ ನಿಂತವನು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಒಂದು ಕಠಿಣ ಸಮಯದಲ್ಲಿ ಈತನು ಮತ್ತೆ ಬರುತ್ತಾನೆ.

ಇಲ್ಲಿಂದ ಕಥೆ ನಮ್ಮ ನೆರೆಗೆ ಬರುತ್ತದೆ. ಆಗ ಫ್ರೆಂಚರ ಆಡಳಿತದಲ್ಲಿದ್ದ ಪಾಂಡಿಚೇರಿಯಲ್ಲಿ, ಶ್ರೀ ಅರವಿಂದರ ಆಶ್ರಮವಾಸಿಗಳಿಗಾಗಿ ಒಂದು ವಸತಿಗೃಹವನ್ನು ಕಟ್ಟಬೇಕಾಗಿತ್ತು. ಹೈದರಾಬಾದು ಸಂಸ್ಥಾನದ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರ ಮೂಲಕ ನಿಜಾಮರ ಧನಸಹಾಯ ಬಂದಿತ್ತು. ಆ ಸೀಮೆಯ ವಜ್ರಗಳ ಖ್ಯಾತಿಯನ್ನು ನೆನೆದು ಕಟ್ಟಡಕ್ಕೆ 'ಗೋಲ್ಕೊಂಡ್' ಎಂದು ಹೆಸರಿಟ್ಟರು. ವಿನ್ಯಾಸದ ಹೊಣೆ ರೇಮಂಡನದು. ಸ್ಥಳದಲ್ಲಿ ನಿಂತು ಕಟ್ಟಿಸಲು ಆತನು ನಕಶಿಮಾನನ್ನು ಕಳುಹಿಸಿದನು. 1937ರಲ್ಲಿ ಕೆಲಸ ಆರಂಭವಾಯಿತು. ಕಾಂಕ್ರೀಟಿನ ಕಟ್ಟಡಗಳು ನಮ್ಮ ದೇಶದಲ್ಲಿ ಇನ್ನೂ ಅಪರೂಪವಾಗಿದ್ದ ಆ ದಿನಗಳಲ್ಲಿ, ಕಬ್ಬಿಣದ ಸರಳು ಹೆಣೆದ ಕಾಂಕ್ರೀಟಿನಲ್ಲಿ, ಗಾಜಿನ ಕಿಟಕಿಗಳೇ ಇಲ್ಲದೆ, ಗೋಡೆಯ ಉದ್ದಕ್ಕೂ ತೆರೆದು ಮುಚ್ಚುವ ಅಡ್ಡಪಟ್ಟಿಗಳನ್ನು ಜೋಡಿಸಿ, ಸಮುದ್ರದ ಗಾಳಿಯು ಮನೆಯೊಳಗೆ ಹಾದುಹೋಗುವಂತೆ ಅದನ್ನು ಕಟ್ಟಿದರು. ಕೋಣೆಗಳಿಗೆ ತೇಗದ ಜಾರುಬಾಗಿಲುಗಳು. ಗುತ್ತಿಗೆದಾರರಿಗಿಂತ ಹೆಚ್ಚಾಗಿ ಆಶ್ರಮವಾಸಿಗಳೇ ದುಡಿದರು. ಬಾಗಿಲಿನ ಹಿಡಿ, ತಿರುಗಣಿಗಳಿಗೆ ಹಿತ್ತಾಳೆ ಬೇಕಾದಾಗ ಭಕ್ತರು ತಮ್ಮ ಮನೆಗಳ ಹಳೆಯ ಹಿತ್ತಾಳೆ ಪಾತ್ರೆಗಳನ್ನು ತಂದುಕೊಟ್ಟರು; ಅವನ್ನೇ ಕರಗಿಸಿ ಎರಕ ಹೊಯ್ದರು. ಯಾರ ಮನೆಯ ಚೊಂಬೋ, ಯಾರ ಮನೆಯ ಹರಿವಾಣವೋ, ಬಾಗಿಲಿನ ಹಿಡಿಯಾಗಿ ಕೈಗೆ ಸಿಕ್ಕಿತು.

ನಕಶಿಮಾ ಕಟ್ಟಡವನ್ನು ಕಟ್ಟಿಸಲೆಂದು ಬಂದವನು. ಕೆಲವು ದಿನಗಳಲ್ಲಿಯೇ, ತಾನು ಕೊಡುವುದಕ್ಕಿಂತ ಪಡೆಯುತ್ತಿರುವುದೇ ಹೆಚ್ಚೆಂದು ಭಾವಿಸಿ, ಸಂಬಳವನ್ನು ಬಿಟ್ಟು ಆಶ್ರಮವಾಸಿಗಳಲ್ಲಿ ಒಬ್ಬನಾದನು. ಶ್ರೀ ಅರವಿಂದರು ಆತನಿಗೆ 'ಸುಂದರಾನಂದ' ಎಂಬ ಹೆಸರನ್ನು ಕೊಟ್ಟರು. ಸುಂದರವಾದುದರಲ್ಲಿ ಆನಂದವನ್ನು ಕಾಣುವವನು ಎಂದು ಅದರ ಭಾವ. ಕನ್ನಡ ಪಂಡಿತನಾದ ನನಗೆ ಸಮಾಸ ಬಿಡಿಸುವ ಚಪಲ ಸಹಜ. ಆದರೆ ಈ ಹೆಸರಿನ ನಿಜವಾದ ವಿಗ್ರಹವಾಕ್ಯವನ್ನು ಮುಂದೆ ಆತನ ಕೈಗಳೇ ಬರೆದವು. ಗೋಲ್ಕೊಂಡ್‌ನ ಕೋಣೆಗಳಿಗೆ ಬೇಕಾದ ಸರಳವಾದ ಪೀಠೋಪಕರಣಗಳನ್ನು ವಿನ್ಯಾಸ ಮಾಡಿದವನೂ ಈತನೇ. ಆತನ ಮೊತ್ತಮೊದಲ ಪೀಠೋಪಕರಣಗಳು ಹುಟ್ಟಿದ್ದು ಹೀಗೆ ನಮ್ಮ ಬಂಗಾಳಕೊಲ್ಲಿಯ ದಡದ ಮೇಲೆ.

1939ರಲ್ಲಿ ಯುದ್ಧದ ಮೋಡ ದಟ್ಟವಾಗಲು ನಕಶಿಮಾ ಭಾರತವನ್ನು ಬಿಟ್ಟನು. ಜಪಾನಿನ ಮೂಲಕ ಅಮೆರಿಕವನ್ನು ಸೇರಿ, 1941ರಲ್ಲಿ ಮೇರಿಯನ್ ಎಂಬಾಕೆಯನ್ನು ಮದುವೆಯಾಗಿ, ಸಿಯಾಟಲ್ ನಗರದಲ್ಲಿ ಒಂದು ಸಣ್ಣ ಮರಗೆಲಸದ ಶಾಲೆಯನ್ನು ತೆರೆದನು. ಕಟ್ಟಡ ಕಟ್ಟಿಸುವ ಕಸುಬಿನಲ್ಲಿ ವಿನ್ಯಾಸ ಒಬ್ಬರದು, ಕೈಗೆಲಸ ಇನ್ನೊಬ್ಬರದು. ಮೊದಲಿನಿಂದ ಕೊನೆಯವರೆಗೆ ತಾನೇ ಹೊಣೆ ಹೊರಬಹುದಾದ ಕೆಲಸ ಬೇಕೆಂದು ಆತನು ಮರವನ್ನು ಆರಿಸಿಕೊಂಡನು. ಆ ವರ್ಷವೇ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿದವು.

ಮುಂದಿನದು ಅಮೆರಿಕದ ಚರಿತ್ರೆಯ ಒಂದು ಕಪ್ಪು ಪುಟ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟರು ಒಂದು ಆಜ್ಞೆಗೆ ಸಹಿ ಮಾಡಿದರು. ಅದರ ಪರಿಣಾಮವಾಗಿ ಪಶ್ಚಿಮ ತೀರದಲ್ಲಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಅವರ ಮನೆಗಳಿಂದ ಎಬ್ಬಿಸಿ, ಒಳನಾಡಿನ ಮರಳುಗಾಡು, ಜೌಗು ಪ್ರದೇಶಗಳಲ್ಲಿ ತಾತ್ಕಾಲಿಕವಾಗಿ ಎಬ್ಬಿಸಿದ ಹತ್ತು ಶಿಬಿರಗಳಿಗೆ ಸಾಗಿಸಿದರು. ಇವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಯಾರ ಮೇಲೂ ವಿಚಾರಣೆಯಿಲ್ಲ, ಆರೋಪಪಟ್ಟಿಯಿಲ್ಲ. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ತರಬಹುದು. ಅಂಗಡಿ, ಹೊಲ, ಮನೆ ಎಲ್ಲವನ್ನೂ ಸಿಕ್ಕ ಬೆಲೆಗೆ ಮಾರಿಯೋ ಬಿಟ್ಟೋ ಹೊರಡಬೇಕು. ಹುಟ್ಟಿದ ನಾಡೇ ಅವರನ್ನು ಸೌದೆಗೆಂದು ಬಿಟ್ಟಿತು ಎನ್ನಬಹುದು. ನಕಶಿಮಾ, ಆತನ ಹೆಂಡತಿ, ಆ ವರ್ಷವೇ ಹುಟ್ಟಿದ ಹಸುಗೂಸು ಮೀರಾ, ಮೂವರೂ ಐಡಾಹೋ ಸಂಸ್ಥಾನದ ಮಿನಿಡೋಕಾ ಎಂಬ ಶಿಬಿರಕ್ಕೆ ಬಂದರು.

1942ರ ಆಗಸ್ಟ್ 10ರಂದು ತೆರೆದ ಆ ಶಿಬಿರದಲ್ಲಿ ಒಂದು ಹಂತದಲ್ಲಿ 9,000ಕ್ಕೂ ಹೆಚ್ಚು ಜನರಿದ್ದರು. ಸುತ್ತಲೂ ಕುರುಚಲು ಗಿಡ, ಧೂಳು. ಬೇಸಿಗೆಯಲ್ಲಿ ಕಣ್ಣು ಬಿಡಲಾಗದ ಬಿರುಗಾಳಿ, ಚಳಿಗಾಲದಲ್ಲಿ ಹಿಮ. ಹಸಿ ಹಲಗೆಗಳಿಗೆ ಟಾರು ಕಾಗದ ಹೊಡೆದು ನಿಲ್ಲಿಸಿದ ಉದ್ದನೆಯ ಕೊಟ್ಟಿಗೆಯಂಥ ಮನೆಗಳು. ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ. ಕೋಣೆಯಲ್ಲಿ ಸಿಪಾಯಿಗಳು ಮಲಗುವ ಮಡಿಚು ಮಂಚಗಳು, ಒಂದು ಒಲೆ, ಒಂದು ವಿದ್ಯುದ್ದೀಪ. ಅಷ್ಟೇ. ಕುಳಿತುಕೊಳ್ಳಲು ಒಂದು ಮಣೆಯೂ ಇಲ್ಲ, ಬಟ್ಟೆ ಇಡಲು ಒಂದು ಹಲಗೆಯೂ ಇಲ್ಲ.

ಆಗ ಆ ಹತ್ತು ಶಿಬಿರಗಳಲ್ಲಿಯೂ ನಡೆದ ಸಂಗತಿಯೊಂದಿದೆ. ಸೆರೆಯಾಳುಗಳು ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳಲಿಲ್ಲ. ಕಟ್ಟಡ ಕೆಲಸದಲ್ಲಿ ಉಳಿದು ಬಿದ್ದಿದ್ದ ತುಂಡು ಹಲಗೆಗಳು, ಹಣ್ಣುತರಕಾರಿ ಬರುತ್ತಿದ್ದ ಪೆಟ್ಟಿಗೆಗಳು, ಬಗ್ಗಿದ ಮೊಳೆಗಳು ಇವನ್ನೆಲ್ಲ ಹೆಕ್ಕಿ ತಂದರು. ಮೊಳೆಯನ್ನು ಕಲ್ಲಿನ ಮೇಲಿಟ್ಟು ನೇರ ಮಾಡಿದರು. ಅದರಿಂದ ಕುರ್ಚಿ, ಮೇಜು, ಕಪಾಟು, ಮಕ್ಕಳಿಗೆ ಆಟದ ಸಾಮಾನುಗಳು ಹುಟ್ಟಿಕೊಂಡವು. ಜಪಾನೀ ಭಾಷೆಯಲ್ಲಿ 'ಗಮನ್' ಎಂಬ ಒಂದು ಮಾತಿದೆ. ಸಹಿಸಲಾಗದ್ದನ್ನು ಗೌರವ ಕೆಡದಂತೆ ಸಹಿಸುವುದು ಎಂದು ಅದರ ಅರ್ಥ. ನಮ್ಮ ಸಂಸ್ಕೃತದ 'ಗಮನ'ಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಜನರ ಗಮನವೆಲ್ಲ ಬಾಳನ್ನು ಮುಂದಕ್ಕೆ ಸಾಗಿಸುವುದರಲ್ಲಿಯೇ ಇತ್ತು. ಅವರು ಹೀಗೆ ಮಾಡಿದ ವಸ್ತುಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ಜತನವಾಗಿ ಇರಿಸಿದ್ದಾರೆ.

ಮಿನಿಡೋಕಾದಲ್ಲಿ ನಕಶಿಮಾನಿಗೆ ಒಬ್ಬ ಗುರು ದೊರೆತನು. ಗೆಂಟಾರೊ ಹಿಕೊಗಾವಾ ಎಂದು ಆತನ ಹೆಸರು. ಜಪಾನಿನ ಸಾಂಪ್ರದಾಯಿಕ ಮರಗೆಲಸದಲ್ಲಿ ನುರಿತವನು. ಉಳಿ, ಗರಗಸ, ಕೀಸುಳಿಗಳಲ್ಲಿ ಸಿದ್ಧಹಸ್ತ. ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳ ಪದವಿ ಪಡೆದಿದ್ದ ವಾಸ್ತುಶಿಲ್ಪಿಯು ಆ ಬಡಗಿಯ ಮುಂದೆ ಶಿಷ್ಯನಾಗಿ ಕುಳಿತನು. ಅಲ್ಲಿನ ಕೊಟ್ಟಿಗೆಯಂಥ ಕೋಣೆಯೊಂದನ್ನು ಹೇಗೆ ವಾಸಯೋಗ್ಯ ಮಾಡಬಹುದೆಂದು ತೋರಿಸಲು ಇಬ್ಬರೂ ಸೇರಿ ಒಂದು ಮಾದರಿ ಮನೆಯನ್ನು ಸಜ್ಜುಗೊಳಿಸಿದರು. ಸಾಮಗ್ರಿಯೆಂದರೆ ಉಳಿಕೆ ತುಂಡುಗಳು ಮತ್ತು ಬೇಲಿಯಾಚೆಯ ಮರಳುಗಾಡಿನಲ್ಲಿ ಬೆಳೆಯುತ್ತಿದ್ದ, ಯಾರೂ ಮರವೆಂದು ಕರೆಯದ ಕುರುಚಲು ಗಿಡದ ಗಂಟುಗಂಟಾದ ಕಾಂಡ. ಅದರಲ್ಲಿ ನೇರವಾದ ಒಂದು ಮೊಳವೂ ಸಿಕ್ಕದು. ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವ ಹಟವನ್ನು ಬಿಟ್ಟು, ಸೊಟ್ಟಕ್ಕೆ ತಕ್ಕ ಜಾಗವನ್ನು ಹುಡುಕುವುದು ಉಳಿದ ಒಂದೇ ದಾರಿ. ಆರಿಸಿಕೊಳ್ಳಲು ಬೇರೇನೂ ಇಲ್ಲದಿದ್ದಾಗ ಆತನು ಕಲಿತ ಈ ಪಾಠವು, ಮುಂದೆ ಬೇಕಾದುದನ್ನು ಆರಿಸಿಕೊಳ್ಳಬಲ್ಲ ದಿನ ಬಂದಾಗಲೂ ಆತನ ಕೈಬಿಡಲಿಲ್ಲ.

1943ರಲ್ಲಿ ಬಿಡುಗಡೆಯಾಯಿತು. ಬಿಡಿಸಿದವನು ಅದೇ ಆಂಟೊನಿನ್ ರೇಮಂಡ್. ಆತನು ಆ ವೇಳೆಗೆ ಪೆನ್ಸಿಲ್ವೇನಿಯಾ ಸಂಸ್ಥಾನದ ನ್ಯೂ ಹೋಪ್ ಎಂಬ ಹಳ್ಳಿಯ ಬಳಿ ತನ್ನ ಜಮೀನಿನಲ್ಲಿ ನೆಲೆಸಿದ್ದನು. ನಕಶಿಮಾನಿಗೆ ತನ್ನಲ್ಲಿ ಕೆಲಸವಿದೆ ಎಂದು ಜಾಮೀನು ನಿಂತು ಸಂಸಾರವನ್ನು ಕರೆಸಿಕೊಂಡನು. ಊರಿನ ಹೆಸರಿನ ಅರ್ಥ 'ಹೊಸ ಭರವಸೆ'. ಆದರೆ ಭರವಸೆ ಕೋಳಿಗೂಡಿನಿಂದ ಆರಂಭವಾಗಬೇಕಾಯಿತು: ವಾಸ್ತುಶಿಲ್ಪಿಗೆ ಸಿಕ್ಕ ಕೆಲಸ ಕೋಳಿ ಸಾಕುವುದು. ಕೆಲಕಾಲದ ಮೇಲೆ ಆತನು ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದು ಮತ್ತೆ ಉಳಿ ಹಿಡಿದನು. ಹಣ ಕೊಟ್ಟು ಕೊಳ್ಳುವ ಶಕ್ತಿಯಿಲ್ಲದೆ, ಮರಗೆಲಸ ಮಾಡಿಕೊಟ್ಟು ಅದರ ಬದಲಿಗೆ ಮೂರು ಎಕರೆ ನೆಲವನ್ನು ಪಡೆದನು. ಅಲ್ಲಿ ಡೇರೆ ಹೂಡಿ ಸಂಸಾರ ಮಾಡುತ್ತ, ಮೊದಲು ಕೆಲಸದ ಕೊಟ್ಟಿಗೆಯನ್ನೂ ಆಮೇಲೆ ಮನೆಯನ್ನೂ ತನ್ನ ಕೈಯಾರೆ ಕಟ್ಟಿದನು.

ಮರ ಕೊಳ್ಳಲು ಹೋದರೆ ಒಳ್ಳೆಯ ಹಲಗೆಯ ಬೆಲೆ ಕೈಗೆ ನಿಲುಕದು. ಮರದ ಅಡ್ಡೆಗಳಲ್ಲಿ ಗಂಟು, ಬಿರುಕು, ಓರೆ ಅಂಚು ಇರುವ ಹಲಗೆಗಳನ್ನು ಮೂಲೆಗೆ ತಳ್ಳಿರುತ್ತಾರೆ. ಪೀಠೋಪಕರಣದ ಕಾರ್ಖಾನೆಗಳವರು ಅವನ್ನು ಮುಟ್ಟರು. ನಕಶಿಮಾ ಅವನ್ನು ಅಗ್ಗದ ಬೆಲೆಗೆ ಕೊಂಡು ತಂದನು. ಆಕ್ರೋಟ, ಚೆರಿ ಮೊದಲಾದ ಮರಗಳ ಈ ತಳ್ಳಿಹಾಕಿದ ಹಲಗೆಗಳೇ ಆತನ ಕೈಯಲ್ಲಿ ಮೇಜುಗಳಾದವು. ಅಂಚನ್ನು ಗೆರೆಹಿಡಿದು ಕೊಯ್ಯಲಿಲ್ಲ. ತೊಗಟೆಯನ್ನು ಮಾತ್ರ ಬಿಡಿಸಿ, ಮರ ಬೆಳೆದ ಬಳುಕನ್ನೇ ಮೇಜಿನ ಅಂಚಾಗಿ ಉಳಿಸಿದನು. ಕೊಂಡವರು ಮೊದಲು ಬೆರಗಾದರು, ಆಮೇಲೆ ಬಯಸಿ ಬಂದರು.

ಇಲ್ಲಿ ಮರದ ಸ್ವಭಾವವನ್ನು ಸ್ವಲ್ಪ ವಿವರಿಸುವುದು ಉಚಿತ. ಹಸಿಮರದಲ್ಲಿ ನೀರಿನಂಶ ಬಹಳ. ಒಣಗುವಾಗ ಅದು ಕುಗ್ಗುತ್ತದೆ; ಆದರೆ ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಮೆ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ, ವರ್ಷದ ಉಂಗುರಗಳ ಸುತ್ತಳತೆಯಲ್ಲಿ ಕುಗ್ಗುವುದು ಹೆಚ್ಚು. ಈ ಎಳೆದಾಟದಿಂದಲೇ ಇಡಿಯ ದಿಮ್ಮಿಯು ಒಣಗುತ್ತ ತಿರುಳಿನವರೆಗೆ ಸೀಳು ಬಿಡುವುದು. ದಿಮ್ಮಿಯ ತುದಿಗಳು ನಡುಭಾಗಕ್ಕಿಂತ ಬೇಗ ಒಣಗುವುದರಿಂದ ಬಿರುಕು ತುದಿಯಲ್ಲಿ ಮೊದಲು ಕಾಣಿಸುತ್ತದೆ. ಆದ್ದರಿಂದಲೇ ಮರ ಬಿದ್ದ ಮೇಲೆ ದಿಮ್ಮಿಯನ್ನು ಬಹುಕಾಲ ಬಿಸಿಲಿಗೆ ಬಿಡದೆ ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದು, ಬೇಗನೆ ಹಲಗೆಗಳಾಗಿ ಕೊಯ್ದು, ನಡುನಡುವೆ ರಿಪೀಸು ಕೊಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿಡಬೇಕು. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಗಾಳಿಯಲ್ಲಿ ಒಣಗಿಸುವವರ ಸ್ಥೂಲವಾದ ಲೆಕ್ಕ.

ಕೈ ಕೊಂಚ ಸಡಿಲವಾದ ಮೇಲೆ ನಕಶಿಮಾ ಇಡಿಯ ದಿಮ್ಮಿಗಳನ್ನೇ ಕೊಳ್ಳತೊಡಗಿದನು. ಬಿರುಗಾಳಿಗೆ ಬಿದ್ದವು, ಮುದಿಯಾಗಿ ಒಣಗುತ್ತಿದ್ದವು, ಹಿತ್ತಿಲ ಅಂಗಳದಿಂದ ತೆಗೆಯಬೇಕಾಗಿ ಬಂದವು ಇವೆಲ್ಲ ಆತನಿಗೆ ಬೇಕು. ದಿಮ್ಮಿಯನ್ನು ಕೊಯ್ಯುವಾಗ ಆತನು ಮಿಲ್ಲಿನಲ್ಲಿ ತಾನೇ ನಿಂತು ನೋಡುತ್ತಿದ್ದನು. ಗರಗಸವನ್ನು ಯಾವ ಕೋನದಲ್ಲಿ ಹಾಯಿಸಬೇಕು, ಎಷ್ಟು ದಪ್ಪಕ್ಕೆ ಕೊಯ್ಯಬೇಕು ಎಂಬ ನಿರ್ಧಾರವು ವಜ್ರ ಕೊಯ್ಯುವವನ ನಿರ್ಧಾರದಂತೆ. ಒಮ್ಮೆ ತಪ್ಪಿದರೆ ನೂರು ವರ್ಷದ ಬೆಳವಣಿಗೆ ಹಾಳು. ಮನೆಯಂಗಳದ ಮರಗಳಲ್ಲಿ ಹಿಂದೆಂದೋ ಹೊಡೆದ ಮೊಳೆ, ಸುತ್ತಿದ ತಂತಿ ಒಳಗೇ ಬೆಳೆದುಹೋಗಿದ್ದು, ಗರಗಸದ ಹಲ್ಲನ್ನು ಮುರಿಯುವುದೂ ಉಂಟು. ಕೊಯ್ದ ಹಲಗೆಗಳನ್ನು ಮರದಲ್ಲಿದ್ದ ಕ್ರಮದಲ್ಲಿಯೇ ಜೋಡಿಸಿ, ಒಂದು ಮರದ ಹಲಗೆಗಳು ಇನ್ನೊಂದರ ಜೊತೆ ಬೆರೆಯದಂತೆ ವರ್ಷಗಟ್ಟಲೆ ಕಾದಿಡುತ್ತಿದ್ದನು. ಅಕ್ಕಪಕ್ಕದ ಎರಡು ಹಲಗೆಗಳನ್ನು ಪುಸ್ತಕ ತೆರೆದಂತೆ ಬಿಚ್ಚಿಟ್ಟರೆ, ಮರದ ಎಳೆಯ ಚಿತ್ತಾರವು ಎಡಬಲಗಳಲ್ಲಿ ಕನ್ನಡಿ ಹಿಡಿದಂತೆ ಕೂಡುತ್ತದೆ.

ಬಿರುಕಿನ ಮಾತಿಗೆ ಬರೋಣ. ಬಿರುಕನ್ನು ಅರಗಿನಿಂದಲೋ ಮರದ ಪುಡಿಯಿಂದಲೋ ತುಂಬಿ ಮೇಲೆ ಮೆರುಗು ಬಳಿದು ಮುಚ್ಚುವುದು ಸಾಮಾನ್ಯ ಪದ್ಧತಿ. ನಕಶಿಮಾ ಅದನ್ನು ಮುಚ್ಚಲಿಲ್ಲ. ಅಡ್ಡಲಾಗಿ ಒಂದು ಬೆಣೆಯನ್ನು ಕೂರಿಸಿದನು. ಅದರ ಆಕಾರವನ್ನು ಅಲ್ಲಿಯವರು ಚಿಟ್ಟೆಗೆ ಹೋಲಿಸುತ್ತಾರೆ. ನಮಗಾದರೆ ಡಮರುಗವೆಂದರೆ ಕೂಡಲೇ ತಿಳಿಯುತ್ತದೆ. ನಡು ಸಣ್ಣದು, ಎರಡು ತುದಿ ಅಗಲ. ಬಿರುಕು ಅಗಲವಾಗಲು ಎಳೆದರೂ ತುದಿಗಳು ಹಲಗೆಯೊಳಗೆ ಕಚ್ಚಿ ನಿಲ್ಲುವುದರಿಂದ ಅದು ಬಿಡದು. ಬೆಣೆಯ ಎಳೆಗಳು ಬಿರುಕಿಗೆ ಅಡ್ಡವಾಗಿರಬೇಕು. ಇಲ್ಲವಾದರೆ ಬೆಣೆಯೇ ನಡುವಿನಲ್ಲಿ ಸೀಳೀತು. ಇದಕ್ಕೆ ಗಟ್ಟಿಮರ ಬೇಕು. ಆತನು ಹಲವು ಮೇಜುಗಳಲ್ಲಿ ಬಳಸಿದ್ದು ಬೀಟೆಯ ಜಾತಿಯ ಮರವನ್ನು. ಭಾರತದ ಬೀಟೆಯೂ ಆತನ ಕೆಲಸದಲ್ಲಿ ಬಂದಿದೆ. ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ, ಚೇಗು ಕಪ್ಪುನೇರಳೆಯಾಗಿ ಹೊಳೆಯುವ ಆ ಬೀಟೆಯನ್ನು ಬಲ್ಲವರಿಗೆ ತಿಳಿಮೈಯ ಮೇಜಿನ ಮೇಲೆ ಅದು ಹೇಗೆ ಎದ್ದು ಕಾಣುತ್ತದೆಂಬುದನ್ನು ಹೇಳಬೇಕಾಗಿಲ್ಲ. ಬಿರುಕು ಇತ್ತು ಎಂಬುದನ್ನೂ, ಅದನ್ನು ಒಬ್ಬನು ಹಿಡಿದು ನಿಲ್ಲಿಸಿದನು ಎಂಬುದನ್ನೂ ಆ ಮೇಜು ಒಟ್ಟಿಗೆ ಹೇಳುತ್ತದೆ. ಶಿಬಿರದಿಂದ ಹೊರಬಂದವನ ಕೈಗೆ ಈ ಬೆಣೆ ಇಷ್ಟು ಒಗ್ಗಿದ್ದು ನನಗಂತೂ ಆಕಸ್ಮಿಕವೆಂದು ತೋರುವುದಿಲ್ಲ.

ಕೀರ್ತಿ ಬಂದಿತು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಆತನನ್ನು ಬರಮಾಡಿಕೊಂಡರು. ಇಪ್ಪತ್ತೈದು ವರ್ಷಗಳ ಮೇಲೆ ಭಾರತಕ್ಕೆ ಬಂದ ಸುಂದರಾನಂದನು ಅಲ್ಲಿಯ ಬಡಗಿಗಳು ಮಾಡಬಹುದಾದಂಥ ಪೀಠೋಪಕರಣಗಳನ್ನು ವಿನ್ಯಾಸ ಮಾಡಿಕೊಟ್ಟನು. 1981ರಲ್ಲಿ 'ಮರದ ಆತ್ಮ' ಎಂಬರ್ಥದ ಹೆಸರಿನ ಪುಸ್ತಕದಲ್ಲಿ ತನ್ನ ಬಾಳನ್ನೂ ಕಸುಬನ್ನೂ ಕುರಿತು ಬರೆದನು. 1984ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬೆಳೆದ ಬಹು ದೊಡ್ಡದಾದ ಒಂದು ಆಕ್ರೋಟದ ದಿಮ್ಮಿ ಆತನಿಗೆ ದೊರೆಯಿತು. ಅದರ ಅಕ್ಕಪಕ್ಕದ ಹಲಗೆಗಳನ್ನು ಕೂಡಿಸಿ, ಪ್ರತಿಯೊಂದು ಖಂಡಕ್ಕೂ ಒಂದೊಂದು 'ಶಾಂತಿಪೀಠ'ವನ್ನು ಮಾಡಿಕೊಡಬೇಕೆಂದು ಎಂಬತ್ತರ ಅಂಚಿನ ಆ ಮುದುಕನು ಸಂಕಲ್ಪಿಸಿದನು. ಮೊದಲನೆಯದು 1986ರ ಕೊನೆಯ ದಿನ ನ್ಯೂಯಾರ್ಕಿನ ಒಂದು ದೊಡ್ಡ ಇಗರ್ಜಿಯಲ್ಲಿ ಪ್ರತಿಷ್ಠಿತವಾಯಿತು. ತನ್ನನ್ನು ಸೆರೆಯಲ್ಲಿಟ್ಟ ನಾಡಿಗೆ ಆತನು ಕೊಟ್ಟ ಉತ್ತರ ಈ ಮೇಜು.

ನಾಡೂ ತಡವಾಗಿಯಾದರೂ ಉತ್ತರ ಕೊಟ್ಟಿತು. 1988ರ ಆಗಸ್ಟ್ 10ರಂದು, ಮಿನಿಡೋಕಾ ಶಿಬಿರ ತೆರೆದ ದಿನಕ್ಕೆ ಸರಿಯಾಗಿ 46 ವರ್ಷಗಳು ತುಂಬಿದ ದಿನ, ಅಮೆರಿಕದ ಅಧ್ಯಕ್ಷ ರೇಗನ್ನರು ಒಂದು ಕಾನೂನಿಗೆ ಸಹಿ ಮಾಡಿದರು. ಸರ್ಕಾರವು ಕ್ಷಮೆ ಕೇಳಿತು. ಶಿಬಿರಗಳಲ್ಲಿದ್ದು ಇನ್ನೂ ಬದುಕಿದ್ದವರಿಗೆ ತಲಾ 20,000 ಡಾಲರುಗಳನ್ನು ಕೊಡುವುದೆಂದು ಒಪ್ಪಿಕೊಂಡಿತು. ಆ ಕಾನೂನು ಹಳೆಯ ಬಿರುಕನ್ನು ಮುಚ್ಚಲಿಲ್ಲ, ಮುಚ್ಚಲೂಬಾರದು. ಅಡ್ಡಲಾಗಿ ಒಂದು ಬೆಣೆಯನ್ನು ಇಟ್ಟಿತು ಎನ್ನೋಣ. ನಕಶಿಮಾ 1990ರಲ್ಲಿ ತೀರಿಕೊಂಡನು. ತಾಯ್ತಂದೆಯರ ತೋಳಿನಲ್ಲಿ ಶಿಬಿರಕ್ಕೆ ಬಂದಿದ್ದ ಮಗಳು ಮೀರಾ ತಂದೆಯ ಕಸುಬನ್ನು ಮುಂದುವರಿಸಿದಳು. 1996ರಲ್ಲಿ ಇನ್ನೊಂದು ಶಾಂತಿಪೀಠವು ಪುದುಚೇರಿಯ ಬಳಿಯ ಆರೋವಿಲ್‌ಗೆ ಬಂದಿತು. ಮೊದಲ ಪೀಠೋಪಕರಣ ಹುಟ್ಟಿದ ದಡಕ್ಕೆ ಹೀಗೆ ಕೊನೆಯ ಕನಸಿನ ಒಂದು ಪಾಲು ಮರಳಿತು. 2014ರಲ್ಲಿ ಅಮೆರಿಕದ ಸರ್ಕಾರವು ನ್ಯೂ ಹೋಪಿನ ಆತನ ಮನೆ ಮತ್ತು ಕೆಲಸದ ಕೊಟ್ಟಿಗೆಗಳನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಿತು.

ಇನ್ನು ನಮ್ಮ ಮಾವಿನ ಮರದ ಸಂಗತಿ. ಮರುದಿನ ನಮ್ಮ ಕೇರಿಯ ಹಿರಿಯ ಆಚಾರ್ಯರೊಬ್ಬರನ್ನು ಕರೆದು ತಂದೆ. ಅವರು ಕಣ್ಣು ಮಂದವಾದ ಮೇಲೆ ಕೆಲಸ ಬಿಟ್ಟವರು. ಕಾಂಡದ ಮೇಲೆ ಕೈಯಾಡಿಸಿ, "ಬುಡದ ಆರಡಿ ಬರುತ್ತೆ, ಸ್ವಾಮಿ. ಆದ್ರೆ ಮಾವು, ಹುಳ ಹಿಡಿಯೋ ಮುಂಚೆ ಕೊಯ್ಸಿ" ಎಂದರು. ತಾವೇ ಮುಂದೆ ನಿಂತು ಮಿಲ್ಲಿನಲ್ಲಿ ಕೊಯ್ಸಿದರು. ಹಲಗೆಗಳು ನಮ್ಮ ಹಿತ್ತಿಲ ಜಗಲಿಯ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿದವು. ನಾನು ಉತ್ಸಾಹದಿಂದ ನಕಶಿಮಾನ ಕಥೆಯನ್ನೆಲ್ಲ ಹೇಳಿ, ಡಮರುಗದ ಬೆಣೆಯ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇದಾ? ನಮ್ಮ ತಾತ ದೊಡ್ಡ ಬಾಗಿಲುಗಳಿಗೆ ಹಾಕ್ತಿದ್ರು. ಆಮೇಲಾಮೇಲೆ ಬಿರುಕು ಇರೋ ಹಲಗೆ ಯಾರೂ ಕೇಳ್ಲಿಲ್ಲ, ನಾವೂ ಮರೆತ್ವಿ" ಎಂದು ಕಾಗದವನ್ನು ಮಡಿಚಿ ನನ್ನ ಕೈಗೆ ಕೊಟ್ಟರು. ಮೇಷ್ಟರ ಪಾಂಡಿತ್ಯ ಅಲ್ಲಿಗೆ ನಿಂತಿತು.

ಈಗ ನಮ್ಮ ಜಗಲಿಯಲ್ಲಿ ಒಂದು ಬೆಂಚಿದೆ. ಒಂದು ಅಂಚು ನೇರ, ಇನ್ನೊಂದು ಮರ ಬೆಳೆದ ಹಾಗೆ. ನಡುವಿನ ಬಿರುಕಿಗೆ, ಹಳೆಯ ಮಂಚದ ಮುರಿದ ಕಾಲಿನಿಂದ ಕಡೆದ ಎರಡು ಬೀಟೆಯ ಬೆಣೆಗಳಿವೆ. ಸಂಜೆಯ ಹೊತ್ತು ರೇಡಿಯೋ ಹಾಕಿ ಅದರ ಮೇಲೆ ಕುಳಿತುಕೊಳ್ಳುತ್ತೇವೆ. ಉಳಿದ ತುಂಡಿನಲ್ಲಿ ಆಚಾರ್ಯರು ಕೇಳದೆಯೇ ಒಂದು ಮಣೆಯನ್ನೂ ಮಾಡಿಕೊಟ್ಟಿದ್ದಾರೆ. ನಮ್ಮ ತಾಯಿಯವರು ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.